ಹಳೇ ಜಾವಾ, ಯೆಜ್ಡಿಯಲ್ಲಿ ಕರೆಂಟ್ ತೊಂದರೆ ಹುಡುಕುವುದು ಹೇಗೆ

ಹಳೇ ಜಾವಾ ಅಥವಾ ಯೆಜ್ಡಿ ಇಟ್ಟುಕೊಂಡವರು ಕರೆಂಟ್ ತೊಂದರೆ ಬಂದ ತಕ್ಷಣ ಸೀದಾ ಅಂಗಡಿಗೆ ಹೋಗುತ್ತಾರೆ. ಸ್ಪಾರ್ಕ್ ಇಲ್ಲವಾ, ಹೊಸ ಕಾಯಿಲ್ (ಪ್ಲಗ್ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ಸುರುಳಿ). ಬ್ಯಾಟರಿ ಇಳಿಯಿತಾ, ಹೊಸ ಬ್ಯಾಟರಿ. ಲೈಟ್ ಮಂಕಾಯಿತಾ, ಪೂರ್ತಿ ಹೊಸ ವೈರಿಂಗ್. ಇಷ್ಟೆಲ್ಲ ಹಾಕಿದ ಮೇಲೂ ಅದೇ ತೊಂದರೆ ಹಾಗೇ ಉಳಿದಿರುತ್ತದೆ, ಯಾಕೆಂದರೆ ಈ ಗಾಡಿಗಳಲ್ಲಿ ಸಾಮಾನು ಸಾಯುವುದಕ್ಕಿಂತ ಜಾಸ್ತಿ ಸಾಯುವುದು ಅವುಗಳ ನಡುವಿನ ಜೋಡಣೆ. ಒಂದು ತುಕ್ಕು ಹಿಡಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ), ಪೇಂಟ್ ಮೇಲೆ ಕೂತ ಒಂದು ಅರ್ಥ್ ವೈರ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಸಡಿಲವಾದ ಒಂದು ಸ್ಕ್ರೂ. ಅದಕ್ಕೇ ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ, ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಬರೆದಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, 6 ವೋಲ್ಟ್ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಮತ್ತು ಸಿಬಿ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ 250 ಸಿಸಿ ಗಾಡಿಗಳ ಬಗ್ಗೆ. ಅಂದರೆ ಜಾವಾ, ಮತ್ತೆ ಅದರ ಮುಂದುವರಿಕೆಯಾಗಿ ಬಂದ ಎರಡು ಸೈಲೆನ್ಸರ್‌ನ ಯೆಜ್ಡಿ. ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು, ಹಾಗಾಗಿ ಕೊನೆಗೆ ತಯಾರಾದ ಗಾಡಿಗೂ ಈಗ ಕಾಲು ಶತಮಾನ ದಾಟಿದೆ. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಇರುವ ಯೆಜ್ಡಿ ರೋಡ್‌ಕಿಂಗ್ ನಿಮ್ಮದಾಗಿದ್ದರೆ ಪಾಯಿಂಟ್ ಬಗ್ಗೆ ಬರೆದ ಭಾಗ ಬಿಟ್ಟುಬಿಡಿ. ಬ್ಯಾಟರಿ, ಅರ್ಥ್, ಶಾರ್ಟ್ ಹುಡುಕುವ ಕ್ರಮ ಅದಕ್ಕೂ ಹೊಂದುತ್ತದೆ.

6 ವೋಲ್ಟ್ ಲೆಕ್ಕ ಮೊದಲು ತಲೆಯಲ್ಲಿರಲಿ

35 ವ್ಯಾಟ್ ಹೆಡ್‌ಲೈಟ್ 12 ವೋಲ್ಟ್ ಗಾಡಿಯಲ್ಲಿ ಸುಮಾರು 3 ಆಂಪ್ ಎಳೆಯುತ್ತದೆ. ಅದೇ ಬೆಳಕಿಗೆ 6 ವೋಲ್ಟ್ ಗಾಡಿಯಲ್ಲಿ ಸುಮಾರು 6 ಆಂಪ್ ಬೇಕು. ಕರೆಂಟ್ ದುಪ್ಪಟ್ಟಾದರೆ ಕೆಟ್ಟ ಜೋಡಣೆಯಲ್ಲಿ ಕಳೆದುಹೋಗುವ ವೋಲ್ಟೂ ದುಪ್ಪಟ್ಟು. ಅದೂ ಇರುವುದೇ ಆರರಲ್ಲಿ ಹೋಗುತ್ತದೆ. ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟೇಜ್ ಕಡಿಮೆ ಸಿಕ್ಕರೆ ಬೆಳಕು ಹತ್ತು ಪರ್ಸೆಂಟ್ ಮಾತ್ರ ಕಮ್ಮಿಯಾಗುವುದಿಲ್ಲ, ಸುಮಾರು ಮೂವತ್ತು ಪರ್ಸೆಂಟ್ ಹೋಗುತ್ತದೆ. "ಆರು ವೋಲ್ಟ್ ಅಂದ್ರೆ ಮೇಣದ ಬತ್ತಿ" ಅಂತ ಜನ ಹೇಳುವುದು ಇದಕ್ಕೇ. ಆದರೆ ತಪ್ಪು ಆರು ವೋಲ್ಟಿನದಲ್ಲ, ದಾರಿಯಲ್ಲಿ ಸೋರಿಹೋಗುವ ಆ ಅರ್ಧ ಮುಕ್ಕಾಲು ವೋಲ್ಟಿನದು.

ಸಲಕರಣೆ ಜಾಸ್ತಿ ಏನೂ ಬೇಡ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಎರಡು ವೈರ್ ಬೆಸುಗೆ ಹಾಕಿದ 6 ವೋಲ್ಟ್ ಬ್ರೇಕ್ ಲೈಟ್ ಬಲ್ಬ್ (ಇದೇ ಟೆಸ್ಟ್ ಲ್ಯಾಂಪ್), ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ನಯವಾದ ಉಪ್ಪುಕಾಗದ, ಇಷ್ಟೇ ಸಾಕು. ಟೆಸ್ಟ್ ಲ್ಯಾಂಪನ್ನು ಕಡೆಗಣಿಸಬೇಡಿ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದುಹೋಗಿರುವ ವೈರಿನಲ್ಲೂ ಮೀಟರ್ ಪೂರ್ತಿ 6 ವೋಲ್ಟ್ ತೋರಿಸುತ್ತದೆ, ಯಾಕಂದ್ರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬ್ ಹಾಗಲ್ಲ, ಆ ಒಂದು ಎಳೆಯಿಂದ ಅದಕ್ಕೆ ಹೊಟ್ಟೆ ತುಂಬುವುದಿಲ್ಲ, ಮಂಕಾಗಿ ಉರಿದು ನಿಜ ಹೇಳಿಬಿಡುತ್ತದೆ.

ಬ್ಯಾಟರಿ ಮತ್ತು ಅರ್ಥ್

ಎಲ್ಲ ಪರೀಕ್ಷೆಯೂ ಬ್ಯಾಟರಿಯಿಂದ ಶುರು. ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. ಪೂರ್ತಿ ತುಂಬಿದ 6 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ 6.3ರಿಂದ 6.4 ತೋರಿಸಬೇಕು. 6.1ಕ್ಕೆ ಬಂದರೆ ಅರ್ಧ ಖಾಲಿ ಅಂತ ತಿಳಿಯಿರಿ. ಎಷ್ಟು ಚಾರ್ಜ್ ಮಾಡಿದರೂ 4.2ರ ಹತ್ತಿರವೇ ನಿಂತರೆ ಮೂರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದಕ್ಕೆ ಔಷಧಿ ಇಲ್ಲ. ಆಮೇಲೆ ಹೆಡ್‌ಲೈಟ್ ಹಾಕಿ ಮತ್ತೆ ಅಳೆಯಿರಿ. ಒಳ್ಳೆ ಬ್ಯಾಟರಿ ಸ್ವಲ್ಪ ಕುಸಿದು 6ರ ಆಸುಪಾಸು ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲೇ 5.5ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಬದಲಾಯಿಸದೆ ಬೇರೆ ಯಾವ ಪರೀಕ್ಷೆ ಮಾಡಿದರೂ ಉತ್ತರ ತಪ್ಪೇ ಬರುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಚಾರ್ಜ್ ಆಗುವಾಗ ಹತ್ತಿರ ಬೀಡಿ ಸಿಗರೇಟು ಬೇಡ, ಬರುವುದು ಹೈಡ್ರೋಜನ್.

ಬ್ಯಾಟರಿ ಬಿಚ್ಚುವ ಮೊದಲು ಯಾವ ಟರ್ಮಿನಲ್ ಚಾಸಿಗೆ ಹೋಗಿದೆ ಅಂತ ನೋಡಿ ಒಂದು ಫೋಟೋ ತೆಗೆದಿಡಿ. ಹಳೇ ಬಿಎಸ್‌ಎ, ಟ್ರಯಂಫ್‌ಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಅವುಗಳ ಬಗ್ಗೆ ಓದಿ ಅದೇ ರೀತಿ ಇಲ್ಲಿ ಜೋಡಿಸಬೇಡಿ.

ಈಗ ಅರ್ಥ್. ನನ್ನ ಪ್ರಕಾರ ಈ ಗಾಡಿಗಳ ಅರ್ಧಕ್ಕರ್ಧ ತೊಂದರೆ ಇಲ್ಲೇ ಇದೆ, ಅದರಲ್ಲೂ ಹೊಸದಾಗಿ ರಿಸ್ಟೋರ್ ಮಾಡಿದ ಗಾಡಿಗಳಲ್ಲಿ. ಪೌಡರ್ ಕೋಟಿಂಗ್ ನೋಡಲು ಬಹಳ ಚೆಂದ, ಆದರೆ ಅದು ಪ್ಲಾಸ್ಟಿಕ್, ಕರೆಂಟ್ ಹಾಯುವುದಿಲ್ಲ. ಕಾರ್ಖಾನೆಯಲ್ಲಿ ಬರೀ ಲೋಹ ಇದ್ದ ಬೋಲ್ಟ್ ತೂತು, ಎಂಜಿನ್ ಕೂರುವ ಜಾಗ, ಹಿಂದಿನ ಮಡ್‌ಗಾರ್ಡಿನ ಜೋಡಣೆ ಎಲ್ಲದಕ್ಕೂ ಆ ಕೋಟಿಂಗ್ ಹತ್ತಿಬಿಟ್ಟಿರುತ್ತದೆ. ಗಾಡಿ ಫಳಫಳ ಹೊಳೆಯುತ್ತದೆ, ಹಾರ್ನ್ ಮಾತ್ರ ಗೊರಗೊರ ಅನ್ನುತ್ತದೆ.

ಪರೀಕ್ಷೆ ಸುಲಭ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಹೆಡ್‌ಲೈಟ್ ಹಾಕಿ, ಅದು ಉರಿಯುತ್ತಿರುವಾಗಲೇ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಲಗ್ ಮೇಲಲ್ಲ, ಕಂಬದ ಮೇಲೇ ಇಡಿ. ಇನ್ನೊಂದನ್ನು ಬಲ್ಬ್ ಹೋಲ್ಡರಿನ ಲೋಹಕ್ಕೆ ಒತ್ತಿ. ಅರ್ಥ್ ಸರಿ ಇದ್ದರೆ ಸೊನ್ನೆಯ ಹತ್ತಿರ, 0.1 ಅಥವಾ 0.2 ಬರಬೇಕು. ಅರ್ಧ ವೋಲ್ಟ್ ಬಂದರೆ ಆ ಅರ್ಧ ವೋಲ್ಟ್ ಬಲ್ಬಿಗೆ ಸಿಗುತ್ತಿಲ್ಲ ಅಂತಲೇ ಅರ್ಥ. ಈಗ ಎರಡನೇ ಕಡ್ಡಿಯನ್ನು ಹಿಂದಕ್ಕೆ ತನ್ನಿ: ಹೆಡ್‌ಲೈಟ್ ಡೂಮಿಗೆ, ಹ್ಯಾಂಡಲ್‌ಗೆ, ಚಾಸಿಗೆ, ಬ್ಯಾಟರಿ ಲಗ್‌ಗೆ. ಎಲ್ಲಿ ಅಂಕಿ ದಿಢೀರ್ ಇಳಿಯಿತೋ ಅದರ ಹಿಂದಿನ ಜೋಡಣೆಯೇ ಕಳ್ಳ. ಇದೇ ಕ್ರಮದಲ್ಲಿ ಪಾಸಿಟಿವ್ ಕಡೆಯೂ ಮಾಡಿ. ಬ್ಯಾಟರಿ ಪಾಸಿಟಿವ್ ಕಂಬದಿಂದ ಫ್ಯೂಸ್, ಕೀ ಸ್ವಿಚ್, ಡಿಮ್ ಡಿಪ್ ಸ್ವಿಚ್, ಬಲ್ಬ್ ತುದಿ ಹೀಗೆ ಒಂದೊಂದೇ ದಾಟುತ್ತಾ ಹೋಗಿ. ಕೀ ಸ್ವಿಚ್ಚಿನ ಒಳಗಿನ ಹಿತ್ತಾಳೆ ಪಟ್ಟಿಗಳು ಸವೆದು ಕಪ್ಪಾಗಿ ಅಲ್ಲೇ ಎಷ್ಟೋ ಗಾಡಿಗಳಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಸ್ವಿಚ್ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಅಳೆಯುವುದೂ ಬೇಡ, ಬಿಚ್ಚಿ ಉಜ್ಜಿ.

ಹೆಡ್‌ಲೈಟಿನ ಅರ್ಥ್ ಮೂಲ ವೈರಿಂಗ್‌ನಲ್ಲಿ ಹ್ಯಾಂಡಲ್ ಬೇರಿಂಗಿನ ಗುಂಡುಗಳ ಮೂಲಕ, ಅವುಗಳ ಗ್ರೀಸಿನ ಮೂಲಕ ಹೋಗುವಂತಿದ್ದರೆ ಅದನ್ನು ನಂಬಬೇಡಿ. ಹೆಡ್‌ಲೈಟ್ ಒಳಗಿಂದ ಒಂದು, ಎಂಜಿನ್ ಬೋಲ್ಟಿನಿಂದ ಒಂದು, ಟೇಲ್ ಲೈಟಿನಿಂದ ಒಂದು, ಹೀಗೆ ಮೂರು ಕಪ್ಪು ವೈರ್ ಎಳೆದು ಬ್ಯಾಟರಿ ನೆಗೆಟಿವ್ ಹತ್ತಿರ ಒಂದೇ ಬೋಲ್ಟಿಗೆ ಸೇರಿಸಿ. ಎಂಜಿನ್ ಮತ್ತು ಬ್ಯಾಟರಿಯದು 2.5 ಸ್ಕ್ವೇರ್ ಎಂಎಂ ಇರಲಿ, ಉಳಿದದ್ದು 1.5 ಆದರೆ ಸಾಕು. ಗಾಡಿಯ ಹಳೇ ರೂಪಕ್ಕೆ ಇದರಿಂದ ಏನೂ ಧಕ್ಕೆ ಇಲ್ಲ, ಹೊರಗೆ ಕಾಣುವುದೇ ಇಲ್ಲ.

ಸ್ಪಾರ್ಕ್ ಬರದಿದ್ದಾಗ

ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಎಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುವುದು ಎಲ್ಲರಿಗೂ ಗೊತ್ತು. ಪ್ಲಗ್ ತೂತಿನಿಂದ ದೂರ ಇಡಿ, ಒಳಗಿಂದ ಪೆಟ್ರೋಲ್ ಹನಿ ಹಾರಿ ಬೆಂಕಿ ಹೊತ್ತಿಕೊಳ್ಳಬಹುದು. ದಪ್ಪ ನೀಲಿ ಕಿಡಿ ಬಂದರೆ ಸರಿ. ಹಳದಿ, ತೆಳು ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಮೊದಲು ಬೇರೆ ಪ್ಲಗ್, ಆಮೇಲೆ ಕ್ಯಾಪ್ ತೆಗೆದು ಬರೀ ವೈರಿನಿಂದ ಹೆಡ್ಡಿಗೆ ಕಿಡಿ ಹಾರಿಸಿ ನೋಡಿ. ವೈರನ್ನು ಇಕ್ಕಳದಲ್ಲಿ ಹಿಡಿಯುವಾಗ ಹಿಡಿಗೆ ರಬ್ಬರ್ ಇರಲಿ, ಹೊಡೆತ ಜೋರಾಗಿಯೇ ಇರುತ್ತದೆ. ವೈರಿನಿಂದ ಕಿಡಿ ಬಂದು ಪ್ಲಗ್‌ನಲ್ಲಿ ಬರದಿದ್ದರೆ ಕ್ಯಾಪ್ ಹೋಗಿದೆ. ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಯನ್ನು ರಾತ್ರಿ ದೀಪ ಆರಿಸಿ ಸ್ಟಾರ್ಟ್ ಮಾಡಿ ನೋಡಿ, ಸೀಳಿದ ಪ್ಲಗ್ ವೈರ್ ಮೇಲೆ ನೀಲಿ ಕಿಡಿ ಓಡಾಡುವುದು ಕಣ್ಣಿಗೇ ಕಾಣುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ಎಂಜಿನ್ನಿನ ಬಲಗಡೆ ಕವರ್ ತೆಗೆಯಿರಿ. ಡೈನಮೋ, ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅದರ ಮುಖಗಳ ನಡುವೆ ಜೋರು ಕಿಡಿ ಹಾರದಂತೆ ತಡೆಯುವ ಸಣ್ಣ ಭಾಗ) ಎಲ್ಲ ಅಲ್ಲೇ ಇವೆ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಪಾಯಿಂಟಿಗೆ ವೈರ್ ಬಂದು ಸೇರುವ ಸ್ಕ್ರೂಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದು ಕೀ ಆನ್ ಮಾಡಿ, ಕಿಕ್ಕರನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬ್ ಹತ್ತಬೇಕು, ಮುಚ್ಚಿದಾಗ ಆರಬೇಕು. ಹತ್ತುವಾಗ ಸ್ವಲ್ಪ ಮಂಕಾಗಿರುತ್ತದೆ, ಕರೆಂಟ್ ಕಾಯಿಲ್ ದಾಟಿ ಬರುತ್ತಿದೆಯಲ್ಲ, ಅದಕ್ಕೆ. ಈ ಒಂದೇ ಪರೀಕ್ಷೆಯಲ್ಲಿ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಬಲ್ಬ್ ಆರುವುದೇ ಇಲ್ಲ ಅಂದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಮುಖಗಳ ಮೇಲೆ ಎಣ್ಣೆ, ಮಸಿ ಕೂತಿದೆ. ಉಪ್ಪುಕಾಗದ ಮಡಚಿ ಎರಡು ಮುಖಗಳ ನಡುವೆ ಎಳೆಯಿರಿ, ಆಮೇಲೆ ಪೆಟ್ರೋಲ್‌ನಲ್ಲಿ ಅದ್ದಿದ ಬಿಳಿ ಕಾಗದವನ್ನು ಕಪ್ಪು ಬರುವುದು ನಿಲ್ಲುವವರೆಗೂ ಎಳೆಯಿರಿ. ಹೊಸ ಪಾಯಿಂಟ್ ಹಾಕಿದ್ದರೂ ಒರೆಸಲೇಬೇಕು, ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯ ಪದರ ಹಚ್ಚಿರುತ್ತಾರೆ.

ಬಲ್ಬ್ ಹತ್ತುವುದೇ ಇಲ್ಲ ಅಂದರೆ ಎರಡೇ ಸಾಧ್ಯತೆ. ಒಂದು, ಇಲ್ಲಿಯವರೆಗೆ ಕರೆಂಟೇ ಬಂದಿಲ್ಲ. ಕಾಯಿಲ್ಲಿನ ಎರಡೂ ಸಣ್ಣ ತುದಿಗಳಲ್ಲಿ ಲ್ಯಾಂಪ್ ಹಿಡಿದರೆ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಎರಡು, ಪಾಯಿಂಟ್ ತೆರೆದಿದ್ದರೂ ಕರೆಂಟ್ ಎಲ್ಲೋ ಅರ್ಥ್ ಆಗುತ್ತಿದೆ. ಕಂಡೆನ್ಸರ್ ವೈರ್ ಕಳಚಿ ನೋಡಿ. ಬಲ್ಬ್ ಹತ್ತಿದರೆ ಕಂಡೆನ್ಸರ್ ಒಳಗೇ ಶಾರ್ಟ್. ಆಗಲೂ ಹತ್ತದಿದ್ದರೆ ಪಾಯಿಂಟಿನ ಸ್ಪ್ರಿಂಗ್ ಪಟ್ಟಿ ಕೂರುವ ಸ್ಕ್ರೂವನ್ನು ಹತ್ತಿರದಿಂದ ನೋಡಿ. ಆ ಸ್ಕ್ರೂ ಸುತ್ತ ಒಂದು ಫೈಬರ್ ಬುಷ್, ಎರಡು ಕಡೆ ಫೈಬರ್ ವಾಷರ್ ಇರಬೇಕು. ವೈರಿನ ಲಗ್, ಕಂಡೆನ್ಸರಿನ ಲಗ್, ಸ್ಪ್ರಿಂಗ್ ಪಟ್ಟಿ ಈ ಮೂರೂ ಒಂದಕ್ಕೊಂದು ತಾಗಬೇಕು, ಆದರೆ ಪ್ಲೇಟಿಗೆ ಯಾವುದೂ ತಾಗಬಾರದು. ಒಂದು ವಾಷರ್ ಹಿಂದುಮುಂದಾದರೆ, ಅಥವಾ ಲಗ್ ಒಂಚೂರು ತಿರುಗಿ ಅದರ ಮೂಲೆ ಪ್ಲೇಟಿಗೆ ತಾಗಿದರೆ ಗಾಡಿ ಸತ್ತಂತೆಯೇ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ ಅಂತ ಮತ್ತೆ ಹೇಳುತ್ತೇನೆ.

ಗ್ಯಾಪ್ 0.4 ಎಂಎಂ, ಪಾಯಿಂಟ್ ಅತಿ ಜಾಸ್ತಿ ತೆರೆದ ಜಾಗದಲ್ಲಿ ಅಳೆದು ಇಡಿ. ಪ್ಲಗ್ ಗ್ಯಾಪ್ 0.6. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಬದಲಾಗುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಉಲ್ಟಾ ಮಾಡಿದರೆ ಎರಡೂ ಕೆಡುತ್ತದೆ.

ಕಂಡೆನ್ಸರ್ ಪೂರ್ತಿ ಸಾಯದೆ ಬಲ ಕಳೆದುಕೊಂಡಿದ್ದರೆ ಪತ್ತೆ ಕಷ್ಟ. ಲಕ್ಷಣ ಏನಂದರೆ ಪ್ಲಗ್‌ನಲ್ಲಿ ಕಿಡಿ ತೆಳು, ಪಾಯಿಂಟ್ ಮುಖಗಳ ನಡುವೆ ಮಾತ್ರ ಜೋರು ಕಿಡಿ. ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬುಟು ಬೇಗ ಬೆಳೆಯುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೊದಲ ಅನುಮಾನ ಕಂಡೆನ್ಸರ್ ಮೇಲೆ, ಎರಡನೆಯದು ಕಾಯಿಲ್ ಮೇಲೆ. ನಿಂತ ಜಾಗದಲ್ಲೇ ಬೇರೆ ಕಂಡೆನ್ಸರ್ ಹಾಕಿ ನೋಡುವುದು ಎಲ್ಲಕ್ಕಿಂತ ನಿಖರವಾದ ಪರೀಕ್ಷೆ. ಕಾಯಿಲ್ಲಿಗೆ ಬಂದರೆ, ಅದರ ಮೇಲೆ 6 ವೋಲ್ಟ್ ಅಂತ ಬರೆದಿದೆಯಾ ನೋಡಿ. ಯಾರೋ 12 ವೋಲ್ಟ್ ಕಾಯಿಲ್ ಹಾಕಿಹೋಗಿದ್ದರೆ ಕಿಡಿ ಯಾವತ್ತೂ ಸೊರಗಿಯೇ ಇರುತ್ತದೆ. ಮತ್ತೆ, ಎಂಜಿನ್ ನಿಂತಾಗ ಕೀ ಆನ್ ಬಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಬೆಂದು, ಬ್ಯಾಟರಿಯೂ ಖಾಲಿಯಾಗುತ್ತದೆ.

ಚಾರ್ಜ್ ಆಗದಿದ್ದಾಗ

ಕೀ ಆನ್ ಮಾಡಿದಾಗ ಕೆಂಪು ಚಾರ್ಜಿಂಗ್ ಲೈಟ್ ಹತ್ತಬೇಕು, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಮಾಡಿದರೆ ಆರಬೇಕು. ಕೀ ಆನ್ ಮಾಡಿದಾಗಲೇ ಹತ್ತದಿದ್ದರೆ ಬಲ್ಬ್ ಹೋಗಿದೆ, ಇಲ್ಲ ಡೈನಮೋದಲ್ಲಿ ಕಾರ್ಬನ್ ಬ್ರಷ್ ತಾಗುತ್ತಿಲ್ಲ. ರೇಸ್ ಮಾಡಿದರೂ ಸಣ್ಣಗೆ ಉರಿಯುತ್ತಲೇ ಇದ್ದರೆ ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್) ಪಾಯಿಂಟ್ ಮೇಲೆ ಮಸಿ ಇರಬಹುದು. ಆದರೆ ಲೈಟ್ ಆರಿತು ಅಂದ ಮಾತ್ರಕ್ಕೆ ಚಾರ್ಜ್ ಆಗುತ್ತಿದೆ ಅಂತಲ್ಲ. ಮೀಟರನ್ನು ಬ್ಯಾಟರಿಗೇ ಹಿಡಿದು, ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ನೋಡಿ. 7ರಿಂದ 7.3 ಬಂದರೆ ಚೆನ್ನ. 6.3ರಲ್ಲೇ ನಿಂತರೆ ಚಾರ್ಜ್ ಇಲ್ಲ. 7.5 ದಾಟಿ ಏರುತ್ತಲೇ ಹೋದರೆ ರೆಗ್ಯುಲೇಟರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಭಾಗ) ಹಿಡಿತ ತಪ್ಪಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬ್‌ಗಳು ಒಂದರ ಹಿಂದೆ ಒಂದು ಸುಡುತ್ತವೆ.

ಚಾರ್ಜ್ ಇಲ್ಲದಿದ್ದರೆ ತಪ್ಪು ಡೈನಮೋದ್ದಾ ಕಟೌಟ್‌ನದ್ದಾ ಅಂತ ಬೇರೆ ಮಾಡಿ. ಕಟೌಟ್‌ನಿಂದ ಡೈನಮೋದ ಎರಡೂ ವೈರ್ ಕಳಚಿ. ಡೈನಮೋದ ದಪ್ಪ ವೈರ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿದು ಎಂಜಿನ್ ಓಡಿಸಿ. ಒಂದೆರಡು ವೋಲ್ಟ್ ತೋರಿಸಿದರೆ ಆರ್ಮೇಚರ್ (ಡೈನಮೋದ ತಿರುಗುವ ಭಾಗ), ಬ್ರಷ್ ಬದುಕಿವೆ. ಆಮೇಲೆ ಫೀಲ್ಡ್‌ಗೂ (ಡೈನಮೋದಲ್ಲಿ ಕಾಂತಶಕ್ತಿ ಹುಟ್ಟಿಸುವ ಸುರುಳಿ) ಕರೆಂಟ್ ಕೊಟ್ಟು ನೋಡಿದರೆ ವೋಲ್ಟೇಜ್ ಸರ್ರನೆ ಏರಬೇಕು. ಫೀಲ್ಡ್ ವೈರನ್ನು ಅರ್ಥ್‌ಗೆ ತಾಗಿಸಬೇಕಾ, ದಪ್ಪ ವೈರಿಗೆ ಸೇರಿಸಬೇಕಾ ಅನ್ನುವುದು ಡೈನಮೋದ ಒಳ ಜೋಡಣೆ ಮೇಲೆ ನಿಂತಿದೆ. ನಿಮ್ಮ ಮಾಡೆಲ್‌ನ ವೈರಿಂಗ್ ನಕ್ಷೆ ನೋಡದೆ ಈ ಹೆಜ್ಜೆ ಇಡಬೇಡಿ. ನೋಡಿ ಮಾಡಿದರೂ ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ರೇಸ್ ಬೇಡ. ವೋಲ್ಟೇಜ್ ಏರಿತಾ, ಡೈನಮೋ ಸರಿ ಇದೆ, ಕಟೌಟ್ ನೋಡಿ.

ಡೈನಮೋ ಏನೂ ಕೊಡದಿದ್ದರೆ ನೇರ ವೈಂಡಿಂಗ್ ಅಂಗಡಿಗೆ ಒಯ್ಯಬೇಡಿ. ಮೊದಲು ಬ್ರಷ್ ನೋಡಿ. ಎರಡೂ ಬ್ರಷ್ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಈ ಗಾಡಿಗಳಲ್ಲಿ ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸೋತರೆ ಟೂ ಸ್ಟ್ರೋಕ್ ಎಣ್ಣೆ ಕಲೆಸಿದ ಪೆಟ್ರೋಲ್ ಆವಿ ನೇರ ಡೈನಮೋ ಒಳಗೆ ಬರುತ್ತದೆ. ಅದು ಕಾರ್ಬನ್ ಪುಡಿ ಜೊತೆ ಸೇರಿ ಗಟ್ಟಿ ಕಪ್ಪು ಅಂಟಾಗಿ ಬ್ರಷ್ಷನ್ನು ಗೂಡಿನಲ್ಲೇ ಹಿಡಿದಿಡುತ್ತದೆ. ಸ್ಪ್ರಿಂಗ್ ಒತ್ತುತ್ತಿರುತ್ತದೆ, ಬ್ರಷ್ ಕೆಳಗಿಳಿಯುವುದಿಲ್ಲ. ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಕಮ್ಯುಟೇಟರ್‌ಗೆ (ಬ್ರಷ್ ತಾಗುವ, ತಾಮ್ರದ ಪಟ್ಟಿಗಳ ಉರುಳೆ) ನಯವಾದ ಉಪ್ಪುಕಾಗದ ಸುತ್ತಿ ತಿರುಗಿಸಿ. ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ತೊಂದರೆ ಕೊಡುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ದರೆ ತೆಳು ಹ್ಯಾಕ್ಸಾ ಬ್ಲೇಡ್ ಚೂರಿನಿಂದ ಸ್ವಲ್ಪ ಕೆರೆದು ತಗ್ಗಿಸಿ. ನಂತರ ಬ್ರಷ್ ಎತ್ತಿ ಹಿಡಿದು ಪ್ರತಿ ಪಟ್ಟಿ ಮತ್ತು ಶಾಫ್ಟ್ ನಡುವೆ ಮೀಟರ್ ಹಿಡಿದು ಕಂಟಿನ್ಯೂಟಿ (ಕರೆಂಟ್ ಹಾಯುತ್ತದಾ ಅಂತ) ನೋಡಿ. ಎಲ್ಲೂ ಬೀಪ್ ಬರಬಾರದು. ಬಂದರೆ ಆಗ ವೈಂಡಿಂಗ್ ಅಂಗಡಿಗೆ ಹೋಗಿ. ಆಯಿಲ್ ಸೀಲ್ ಬದಲಾಯಿಸದೆ ಹೊಸ ಆರ್ಮೇಚರ್ ಹಾಕಿದರೆ ಮತ್ತೆ ಇದೇ ಕತೆ.

ವರ್ಷಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಎಲ್ಲ ಸರಿ ಇದ್ದೂ ಡೈನಮೋ ಏಳದಿದ್ದರೆ ಒಳಗಿನ ಕಬ್ಬಿಣದಲ್ಲಿ ಉಳಿದಿರಬೇಕಾದ ಕಾಂತಶಕ್ತಿ ಹೋಗಿರುತ್ತದೆ. ಫೀಲ್ಡ್ ಕಾಯಿಲ್ ಮೂಲಕ ಸರಿಯಾದ ದಿಕ್ಕಿನಲ್ಲಿ ಬ್ಯಾಟರಿ ಕರೆಂಟ್ ಒಂದು ಕ್ಷಣ ಹಾಯಿಸಿದರೆ ಮತ್ತೆ ಬರುತ್ತದೆ.

ಕಟೌಟ್ ಬಗ್ಗೆ ಒಂದು ಎಚ್ಚರಿಕೆ. ಅದರ ಪಾಯಿಂಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಎಂಜಿನ್ ನಿಲ್ಲಿಸಿದ ಮೇಲೂ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಡೈನಮೋಗೆ ನುಗ್ಗುತ್ತದೆ. ಗಾಡಿ ನಿಲ್ಲಿಸಿದಾಗ ಸುಟ್ಟ ವಾಸನೆ ಬಂದರೆ, ಡೈನಮೋ ವೈರ್ ಬಿಸಿಯಾಗಿದ್ದರೆ, ಯೋಚನೆ ಮಾಡುತ್ತಾ ನಿಲ್ಲಬೇಡಿ, ಬ್ಯಾಟರಿ ಟರ್ಮಿನಲ್ ಕಿತ್ತುಬಿಡಿ. ಹಳೇ ಕಟೌಟಿನ ಸ್ಪ್ರಿಂಗ್ ಬಗ್ಗಿಸಿ ಅಡ್ಜಸ್ಟ್ ಮಾಡುವುದು ಕೈ ಪಳಗಿದವರ ಕೆಲಸ. ಹೊಸಬರು 6 ವೋಲ್ಟ್ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಹಳೇ ಡಬ್ಬಿಯೊಳಗೇ ಕೂರಿಸುವುದು ಒಳ್ಳೆಯದು.

ಇನ್ನು ರಾತ್ರಿ ಓಡಿಸಿದರೆ ಮಾತ್ರ ಬ್ಯಾಟರಿ ಇಳಿಯುತ್ತದೆ ಅನ್ನುವವರು ಲೆಕ್ಕ ಹಾಕಿ. ಡೈನಮೋ 45 ವ್ಯಾಟ್‌ನದು. ಹೆಡ್‌ಲೈಟ್ 35, ಟೇಲ್ ಲೈಟ್ 5, ಅದರ ಮೇಲೆ ಕಾಯಿಲ್, ಬ್ರೇಕ್ ಲೈಟ್, ಹಾರ್ನ್. ಟ್ರಾಫಿಕ್‌ನಲ್ಲಿ ಐಡಲ್ ನಿಂತಾಗ ಡೈನಮೋ ಏನೂ ಕೊಡುವುದಿಲ್ಲ, ಎಲ್ಲವೂ ಬ್ಯಾಟರಿಯಿಂದಲೇ. ಗಾಡಿಯಲ್ಲಿ ಕೆಡುಕೇನೂ ಇಲ್ಲ, ಆದಾಯಕ್ಕಿಂತ ಖರ್ಚು ಜಾಸ್ತಿ ಅಷ್ಟೇ. ಟೇಲ್ ಮತ್ತು ಬ್ರೇಕ್ ಬಲ್ಬ್‌ಗೆ 6 ವೋಲ್ಟ್ ಎಲ್‌ಇಡಿ ಹಾಕಿದರೆ ಸಾಕಷ್ಟು ಉಳಿಯುತ್ತದೆ. ಪೂರ್ತಿ 12 ವೋಲ್ಟಿಗೆ ಬದಲಾಯಿಸಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ಜೋಡಣೆಗಳೆಲ್ಲ ಸರಿಯಾಗಿರುವ 6 ವೋಲ್ಟ್ ಗಾಡಿಯನ್ನು ಒಮ್ಮೆ ರಾತ್ರಿ ಓಡಿಸಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಫ್ಯೂಸ್ ಪದೇ ಪದೇ ಹೋದರೆ

ದಪ್ಪ ಫ್ಯೂಸ್ ಹಾಕಬೇಡಿ, ಬೆಳ್ಳಿ ಕಾಗದ ಸುತ್ತಲೇಬೇಡಿ, ವೈರ್ ಸುಟ್ಟರೆ ಬೆಂಕಿ ಬೀಳುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ. ಫ್ಯೂಸ್ ತೆಗೆದು ಆ ಜಾಗದ ಎರಡು ತುದಿಗೆ ಟೆಸ್ಟ್ ಲ್ಯಾಂಪ್ ಕೊಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ, ಆದರೆ ವೈರಿಗೆ ಏನೂ ಆಗುವುದಿಲ್ಲ. ಈಗ ಒಂದೊಂದೇ ವೈರ್ ಕಳಚುತ್ತಾ ಹೋಗಿ: ಹಾರ್ನ್, ಬ್ರೇಕ್ ಸ್ವಿಚ್, ಟೇಲ್ ಲೈಟ್, ಹೆಡ್‌ಲೈಟ್. ಯಾವುದನ್ನು ತೆಗೆದಾಗ ಬಲ್ಬ್ ಆರಿತೋ ಶಾರ್ಟ್ ಆ ದಾರಿಯಲ್ಲಿದೆ. ಯಾವಾಗಲೋ ಒಮ್ಮೆ ಮಾತ್ರ ಫ್ಯೂಸ್ ಹೋಗುವ ಗಾಡಿಯಾದರೆ ಬಲ್ಬ್ ಹಾಗೇ ಬಿಟ್ಟು ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಸೀಟಿನ ಮೇಲೆ ಕೂತು ಕುಲುಕಿ, ಮಡ್‌ಗಾರ್ಡ್ ಅಲ್ಲಾಡಿಸಿ. ಹ್ಯಾಂಡಲ್ ಕತ್ತಿನ ಹತ್ತಿರ ವೈರ್ ಬಗ್ಗುವ ಜಾಗ, ಟ್ಯಾಂಕ್ ಕೂರುವ ಜಾಗ, ಹಿಂದಿನ ಮಡ್‌ಗಾರ್ಡ್ ಒಳಗೆ ಟೇಲ್ ಲೈಟ್ ವೈರ್ ಹೋಗುವ ತೂತು, ಈ ಮೂರು ಕಡೆ ವೈರಿನ ಹೊದಿಕೆ ಸವೆಯುವುದು ಜಾಸ್ತಿ. ತೂತಿನ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ಹಾಕಿ. ಸವೆದ ವೈರಿಗೆ ಬರೀ ಟೇಪ್ ಸುತ್ತಿದರೆ ನಮ್ಮ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಆ ತುಂಡು ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಬೆಸೆದು, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬಣ್ಣವೂ ಅದೇ ಇರಲಿ, ಮುಂದೆ ಈ ಗಾಡಿ ಬಿಚ್ಚುವವರಿಗೆ ನಕ್ಷೆ ಹೊಂದಬೇಕಲ್ವಾ.